ಮೈಕು ಸಿಗದ ಮಧ್ಯಾಹ್ನ

ಹೋದ ಸೋಮವಾರ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ವಿಭಾಗದ ಮೇಡಂ ತಮ್ಮ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟು, "ಸರ್, ಇದ್ರಲ್ಲಿ ಮೈಕೇ ತೋರಿಸ್ತಿಲ್ಲ. ಪಾಠ ರೆಕಾರ್ಡ್ ಮಾಡ್ಬೇಕು, ನೀವೇ ಸ್ವಲ್ಪ ನೋಡಿ" ಅಂದರು. ಪರದೆಯ ಮೇಲೆ ರೆಕಾರ್ಡರ್ ತೆರೆದಿತ್ತು. ಕೆಂಪು ಗುಂಡಿ ಇತ್ತು, ಸೆಕೆಂಡುಗಳು ಓಡುತ್ತಿದ್ದವು, ಆದರೆ ದನಿ ಬಂದಾಗ ಎದ್ದು ಕುಣಿಯಬೇಕಾದ ಹಸಿರು ಗೆರೆ ಮಾತ್ರ ಉದ್ದಕ್ಕೆ ಮಲಗಿತ್ತು. ಹಾಗೆ ಮಲಗಿದ ಗೆರೆಯನ್ನು ನಾನು ಹಿಂದೊಮ್ಮೆ ನೋಡಿದ್ದೆ. ಮೇಡಂಗೆ ಅದು ತಿಳಿಯಲಿಲ್ಲ. ನಾನು ಗಹನವಾಗಿ ಯೋಚಿಸುತ್ತಿದ್ದೇನೆಂದುಕೊಂಡು ಕಾಯುತ್ತಿದ್ದರು.

"ಮೇಡಂ, ಇದರಲ್ಲಿ ಎರಡು ಸಿಸ್ಟಂ ಹಾಕಿಸಿದ್ದೀರಾ?" ಅಂದೆ.

"ಹೌದು ಸರ್. ನಿಮಗೆ ಹೇಗೆ ಗೊತ್ತಾಯ್ತು?"

ಗೊತ್ತಾಗದೆ ಏನು! ನಾನು ಪಾಠ ಹೇಳುವುದು ಇತಿಹಾಸ. ಕಂಪ್ಯೂಟರಿನ ವಿಷಯದಲ್ಲಿ ನನ್ನ ಜ್ಞಾನ ಎಷ್ಟೆಂದರೆ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಅಟೆಂಡರನ್ನು ಕೂಗುತ್ತೇನೆ. ಆದರೆ ಒಂದೇ ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇದ್ದು, ಎರಡನೆಯದರಲ್ಲಿ ರೆಕಾರ್ಡಿಂಗ್ ಕೈಕೊಟ್ಟರೆ, ಆ ಒಂದು ಕಾಯಿಲೆಗೆ ಮಾತ್ರ ಮಂಡ್ಯಕ್ಕೆಲ್ಲ ನಾನೇ ಡಾಕ್ಟರು. ಐದೇ ನಿಮಿಷದಲ್ಲಿ ಸರಿ ಮಾಡಿಕೊಟ್ಟೆ. ಮೇಡಂ "ಹಲೋ, ಹಲೋ" ಅಂದರು, ಗೆರೆ ಎದ್ದಿತು, "ಎಷ್ಟು ಬೇಗ ಹಿಡಿದುಬಿಟ್ರಿ ಸರ್!" ಎಂದು ಹೊಗಳಿ ಹೋದರು. ನಾನು ಹಾಜರಿ ಪುಸ್ತಕ ತೆರೆದುಕೊಂಡು ಕೂತೆ. ಒಂದು ಹೆಸರೂ ಕಣ್ಣಿಗೆ ಬೀಳಲಿಲ್ಲ. ಈ ವಿದ್ಯೆಯನ್ನು ಎಲ್ಲಿ ಕಲಿತೆ, ಅದಕ್ಕಾಗಿ ಏನು ಕಳೆದುಕೊಂಡೆ ಅನ್ನುವುದನ್ನು ನಿನ್ನೆಯವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ. ನಿಮ್ಮ ಹತ್ತಿರ ಹೇಳುತ್ತೇನೆ. ನಡುವೆ ಅತ್ತಿತ್ತ ಹೋದರೆ ಮೇಷ್ಟ್ರ ಚಾಳಿ ಅಂದುಕೊಳ್ಳಿ.

ನಮ್ಮೂರು ಬೆಸಗರಹಳ್ಳಿಯಿಂದ ಒಂದೆರಡು ಮೈಲಿ ಒಳಗೆ. ನಮ್ಮದು ಕುಳವಾಡಿ ಮನೆ. ಅಂದರೆ ಊರಿನಲ್ಲಿ ಯಾರು ಸತ್ತರೂ ಪರವೂರಿನ ನೆಂಟರಿಗೆ ಸುದ್ದಿ ಮುಟ್ಟಿಸುವುದು ನಮ್ಮ ಮನೆಯ ಪಾಲಿಗೆ ಬಿದ್ದಿದ್ದ ಕೆಲಸ. ಬೇಕೋ ಬೇಡವೋ ಅಂತ ನಮ್ಮನ್ನು ಯಾರೂ ಕೇಳುತ್ತಿರಲಿಲ್ಲ. ತಾತ ಒಯ್ದ, ಆಮೇಲೆ ಅಪ್ಪ ಒಯ್ದ. ಬಸ್ಸು ಇದ್ದ ಕಡೆ ಬಸ್ಸು, ಇಲ್ಲದ ಕಡೆ ಕಾಲು. ಮದ್ದೂರು, ಮಳವಳ್ಳಿ ಸೀಮೆಯ ಕಾಲುದಾರಿಗಳೆಲ್ಲ ಅಪ್ಪನಿಗೆ ಬಾಯಿಪಾಠ. ಯಾರ ಮನೆಯ ಹೆಣ್ಣುಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆ ಅನ್ನುವುದು ಆ ಮನೆಯವರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು.

ಆ ಕೆಲಸಕ್ಕೆ ಅದರದೇ ಕಟ್ಟುಪಾಡು. ಜಗುಲಿ ಹತ್ತಬಾರದು. ಅಂಗಳದಲ್ಲಿ ನಿಂತು, ಹೆಗಲ ಮೇಲಿನ ಟವಲನ್ನು ಕಂಕುಳಿಗೆ ಸೇರಿಸಿ, ಹೇಳಬೇಕಾದ್ದನ್ನು ಒಂದೇ ಸಲ ಹೇಳಬೇಕು. "ಇಂಥೋರು ಓಗ್ಬುಟ್ರು. ನಾಳೀಕೆ ಒತ್ತಾರೆ ಮಣ್ಣು." ಅಷ್ಟೇ. ಒಳಗೆ ಗೋಳು ಏಳುತ್ತದೆ, ಯಾರೋ ಓಡಿಬಂದು "ಏನಂದೆ, ಏನಂದೆ" ಅನ್ನುತ್ತಾರೆ. ಎರಡನೇ ಸಲ ಹೇಳುವಂತಿಲ್ಲ. ತಲೆ ಬಗ್ಗಿಸಿ ನಿಲ್ಲಬೇಕು. ಎರಡು ಸಲ ಹೇಳಿದರೆ ಆ ಮನೆಗೆ ಇನ್ನೊಂದು ಸಾವು ಬರುತ್ತದೆ ಎಂಬ ನಂಬಿಕೆ. ತನ್ನ ಮನೆಯ ಕಷ್ಟಸುಖವನ್ನು ಅಲ್ಲಿ ಎತ್ತುವಂತಿಲ್ಲ. ಹೊರಡುವಾಗ "ಬತ್ತೀನಿ" ಅನ್ನುವಂತಿಲ್ಲ. ಮೊರದಲ್ಲಿ ರಾಗಿ ತಂದು ದೂರದಿಂದ ಟವಲಿಗೆ ಸುರಿದರೆ ಗಂಟು ಕಟ್ಟಿಕೊಂಡು ತಿರುಗಿ ನೋಡದೆ ನಡೆಯಬೇಕು. ನಾನು ತರಗತಿಯಲ್ಲಿ ಇಂಥದ್ದನ್ನು ಸಂಪ್ರದಾಯ ಅಂತ ಬೋರ್ಡಿನ ಮೇಲೆ ಬರೆಯುತ್ತೇನೆ. ಅಪ್ಪನಿಗೆ ಅದು ಬೈಗುಳ ತಪ್ಪಿಸಿಕೊಳ್ಳುವ ದಾರಿಯಾಗಿತ್ತು.

ನನಗೆ ಎಂಟು ವರ್ಷ, ಅಕ್ಕನಿಗೆ ಹನ್ನೆರಡು. ಅವ್ವ ನಾಲ್ಕು ದಿನದಿಂದ ಜ್ವರದಲ್ಲಿ ಮಲಗಿದ್ದಳು. ಒಂದು ಬೆಳಿಗ್ಗೆ ಊರಿನ ಪಟೇಲರ ತಾಯಿ ತೀರಿಕೊಂಡರು. ಆಕೆಯ ಮಗಳನ್ನು, ಅಂದರೆ ಪಟೇಲರ ತಂಗಿಯನ್ನು, ಮಳವಳ್ಳಿಯಿಂದಾಚೆ ಒಂದು ಹಳ್ಳಿಗೆ ಕೊಟ್ಟಿತ್ತು. ಪಟೇಲರ ಆಳು ಬಂದು ಕೂಗಿದ, ಅಪ್ಪ ಹೊರಟ. ಬಸ್ಸು ಸಿಕ್ಕರೆ ಕತ್ತಲಾಗುವುದರೊಳಗೆ ವಾಪಸ್ಸಾಗುವ ದಾರಿ. ಸಂಜೆ ಆ ಕಡೆಯಿಂದ ಒಂದು ಬಾಡಿಗೆ ವ್ಯಾನು ಬಂತು. ನಮ್ಮೂರಿಗೆ ವ್ಯಾನು ಬರುವುದೇ ಅಪರೂಪ. ಹುಡುಗರೆಲ್ಲ ಅದರ ಹಿಂದೆ ಓಡಿದೆವು. ಪಟೇಲರ ಮನೆಯ ಮುಂದೆ ಹೆಂಗಸರು ಗೋಳಾಡುತ್ತ ಇಳಿದರು. ಕೊನೆಗೆ ಒಬ್ಬ ಗಂಡಸು ಹಿಂದಿನ ಸೀಟಿನ ಮೇಲೆ ಇಟ್ಟಿದ್ದ ಹೂವಿನ ಹಾರದ ಬುಟ್ಟಿ ಎತ್ತಿಕೊಂಡು ಇಳಿದ. ಸುದ್ದಿ ಮುಟ್ಟಿದೆ ಅನ್ನುವುದು ಊರಿಗೆಲ್ಲ ಖಾತ್ರಿಯಾಯಿತು. ಸುದ್ದಿ ಒಯ್ದವನು ಮಾತ್ರ ಬರಲಿಲ್ಲ. ಅವ್ವ ಆಗ ಇನ್ನೂ ಮಾತಾಡುತ್ತಿದ್ದಳು. "ನಿಮ್ಮಪ್ಪ ಬಂದ್ನಾ?" ಅಂತ ಎರಡು ಸಲ ಕೇಳಿದಳು. ಬೆಳಗಿನ ಜಾವ ಹೋಗಿಬಿಟ್ಟಳು.

ಊರಿಗೆಲ್ಲ ಸಾವಿನ ಸುದ್ದಿ ಒಯ್ಯುವವನಿಗೆ ಅವನ ಹೆಂಡತಿ ಸತ್ತ ಸುದ್ದಿ ಒಯ್ಯಲು ಯಾರೂ ಇರಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ಅಪ್ಪ ಧೂಳುಗಾಲಿನಲ್ಲಿ ಕೇರಿಗೆ ಬಂದ. ಮನೆ ಮುಂದೆ ಜನ ಕೂಡಿದ್ದನ್ನು ನೋಡಿ ನಿಂತುಕೊಂಡ. ನಾನು ಓಡಿಹೋಗಿ ಅವನ ತೊಡೆಗೆ ಗುದ್ದುತ್ತ, "ಎಲ್ಲಿಗೋಗಿದ್ದೆ? ರಾತ್ರಿ ಯಾಕ್ ಬರ್ನಿಲ್ಲ?" ಅಂತ ಕೇಳಿದೆ. ಅವನು ಉತ್ತರ ಕೊಡಲಿಲ್ಲ. ಅಕ್ಕ ಏನನ್ನೂ ಕೇಳಲಿಲ್ಲ. ಅವತ್ತಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ತಟ್ಟೆಗೆ ಮುದ್ದೆ ಹಾಕುವಳು, ಬಟ್ಟೆ ಒಗೆಯುವಳು, ಮಾತಿಲ್ಲ. ಮದುವೆಯಾಗಿ ನಿಡಘಟ್ಟಕ್ಕೆ ಹೋದ ಮೇಲೆ ಅದೂ ಇಲ್ಲ. ನಾನು ಮಾತಾಡುತ್ತಿದ್ದೆ, ಆದರೆ ಆ ಪ್ರಶ್ನೆಯನ್ನು ಮತ್ತೆಂದೂ ಕೇಳಲಿಲ್ಲ. ಅಪ್ಪನನ್ನು ನಾನು ಕ್ಷಮಿಸಿರಲಿಲ್ಲ ಅನ್ನುವುದು ನಿಜ. ಕ್ಷಮಿಸಿದವನ ಹಾಗೆ ನಡೆದುಕೊಳ್ಳುತ್ತಿದ್ದೆ.

ನಾನು ಓದಿದೆ, ಮಂಡ್ಯದಲ್ಲಿ ಕೆಲಸ ಸಿಕ್ಕಿತು, ಬೌದ್ಧ ದೀಕ್ಷೆ ತೆಗೆದುಕೊಂಡೆ, ಅಪ್ಪನನ್ನು ಕರೆತಂದು ಜೊತೆಗಿಟ್ಟುಕೊಂಡೆ. ಕುಳವಾಡಿಕೆ ನಮ್ಮ ಮನೆಯಲ್ಲಿ ಅಲ್ಲಿಗೆ ನಿಂತಿತು. ಅದು ನಿಂತು ಎಷ್ಟೋ ವರ್ಷದ ಮೇಲೆ ಅದರ ಬಗ್ಗೆ ಸೆಮಿನಾರಿನಲ್ಲಿ ಭಾಷಣ ಮಾಡುವ ಉಮೇದು ನನಗೆ ಬಂತು ನೋಡಿ. ಎರಡು ವರ್ಷದ ಹಿಂದಿನ ಮಾತು. ಮನೆಯಲ್ಲೇ ಆಕರ ಇದೆ, ಬೇರೆಯವರ ಹಾಗೆ ಊರೂರು ಅಲೆಯಬೇಕಿಲ್ಲ ಅಂತ ಹೆಮ್ಮೆ ಬೇರೆ. ಹದಿನೆಂಟು ಪ್ರಶ್ನೆಗಳನ್ನು ಟೈಪ್ ಮಾಡಿ ಪ್ರಿಂಟ್ ತೆಗೆದೆ. ಯಾವ ಯಾವ ಊರು, ಯಾವ ದಾರಿ, ಏನು ಕೊಡುತ್ತಿದ್ದರು, ಎಲ್ಲಿ ನಿಲ್ಲಿಸುತ್ತಿದ್ದರು. ಅವ್ವನ ವಿಷಯ ಆ ಹದಿನೆಂಟರಲ್ಲಿ ಇರಲಿಲ್ಲ.

ಇನ್ನು ನನ್ನ ಲ್ಯಾಪ್‌ಟಾಪು. ಮಂಡ್ಯದಲ್ಲೇ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಅದರ ಜೊತೆಗೇ ಬಂದಿದ್ದ ಸಿಸ್ಟಂ ಎದ್ದು ಕೂರುವಷ್ಟರಲ್ಲಿ ನಾನು ಸ್ನಾನ ಮುಗಿಸಿ ಬರಬಹುದಾಗಿತ್ತು. ಹತ್ತು ನಿಮಿಷ ಕೆಲಸ ಮಾಡಿದರೆ ಕಲ್ಲಾಗಿ ನಿಲ್ಲುತ್ತಿತ್ತು. ಕಂಪ್ಯೂಟರ್ ವಿಭಾಗದ ಸ್ನೇಹಿತರೊಬ್ಬರು ನನ್ನ ಪಾಡು ನೋಡಲಾರದೆ ಅದರ ಪಕ್ಕದಲ್ಲೇ ಹಗುರವಾದ ಇನ್ನೊಂದು ಸಿಸ್ಟಂ ಕೂರಿಸಿಕೊಟ್ಟಿದ್ದರು. ಸ್ವಿಚ್ ಒತ್ತಿದರೆ ಯಾವುದು ಬೇಕು ಅಂತ ಕೇಳುತ್ತದೆ; ಬೇಕಾದ್ದನ್ನು ಆರಿಸಿಕೊಳ್ಳಬೇಕು. ಎರಡನೆಯದು ಚುರುಕಾಗಿತ್ತು. ಅದರಲ್ಲಿ ನಾನು ಅದುವರೆಗೆ ಟೈಪ್ ಮಾಡಿದ್ದೆನೇ ಹೊರತು ಏನನ್ನೂ ರೆಕಾರ್ಡ್ ಮಾಡಿರಲಿಲ್ಲ. ಹಿಂದಿನ ದಿನವೇ ಒಮ್ಮೆ ನೋಡಿಕೊಳ್ಳಬೇಕಾಗಿತ್ತು. ನೋಡಿಕೊಳ್ಳಲಿಲ್ಲ.

ಭಾನುವಾರ, ಊಟ ಆಗಿತ್ತು. ಅಪ್ಪ ಒಗೆದ ಅಂಗಿ ಹಾಕಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. "ಪಟ ತಗಿಯಾಕಿಲ್ವಾ?" ಅಂದ. "ಇಲ್ಲಪ್ಪ, ಮಾತು ಮಾತ್ರ" ಅಂದೆ. ಅವನ ಮುಖ ಸ್ವಲ್ಪ ಸಣ್ಣಗಾಯಿತು. ಶಬ್ದ ಬರಬಾರದೆಂದು ಕಿಟಕಿ ಹಾಕಿದೆ, ಫ್ಯಾನು ಆರಿಸಿದೆ, ಎರಡನೇ ಸಿಸ್ಟಂ ತೆರೆದು ಕೆಂಪು ಗುಂಡಿ ಒತ್ತಿದೆ. ಗೆರೆ ಏಳಲಿಲ್ಲ. ಮೈಕು ಎಲ್ಲಿದೆ ಅಂತ ಹುಡುಕಿದರೆ, ಮೈಕುಗಳ ಪಟ್ಟಿ ಇರಬೇಕಾದ ಜಾಗ ಖಾಲಿ. ಹಾಡು ಹಾಕಿದರೆ ಸ್ಪೀಕರು ಕೇಳಿಸುತ್ತದೆ. ಮಾತಾಡುವುದಕ್ಕೆ ಬಾಯಿದೆ, ಕೇಳುವುದಕ್ಕೆ ಕಿವಿಯಿಲ್ಲ.

ನಾನು ಛಲಕ್ಕೆ ಬಿದ್ದೆ. ಮೇಷ್ಟ್ರುಗಳಿಗೆ ಸೋಲು ಒಪ್ಪುವ ಅಭ್ಯಾಸ ಕಡಿಮೆ. ಫೋನಿನಿಂದ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಟ್ಟು ಹುಡುಕತೊಡಗಿದೆ. ಜಗತ್ತಿನಲ್ಲಿ ಎಷ್ಟೊಂದು ಜನ ಇದೇ ಪ್ರಶ್ನೆ ಕೇಳಿದ್ದರು! ಒಬ್ಬ ಎಂದೋ ಕೇಳಿ ಉತ್ತರವಿಲ್ಲದೆ ಹಾಗೇ ಉಳಿದಿದ್ದ. ಇನ್ನೊಬ್ಬ ಎರಡು ಪುಟ ಗೋಳಾಡಿ, ಕೊನೆಗೆ ಸರಿಹೋಯಿತು, ಎಲ್ಲರಿಗೂ ಧನ್ಯವಾದ ಅಂತ ಬರೆದಿದ್ದ. ಹೇಗೆ ಸರಿಹೋಯಿತು ಅಂತ ಬರೆದಿರಲಿಲ್ಲ. ಅವನನ್ನು ಬಾಯಿಗೆ ಬಂದಂತೆ ಬೈದೆ. ಅವರು ಹೇಳಿದ ಸಾಲುಗಳನ್ನು ಅರ್ಥವಾಗದೆಯೂ ಟೈಪ್ ಮಾಡಿದೆ. ಹೆಡ್‌ಫೋನಿನ ಮೈಕು ಚುಚ್ಚಿದೆ, ಕಿತ್ತೆ, ಮತ್ತೆ ಚುಚ್ಚಿದೆ. ಯಂತ್ರ ಆರಿಸಿ ಹತ್ತಿಸಿದೆ.

ಅಪ್ಪ ಟವಲಿನಿಂದ ಕತ್ತು ಒರೆಸಿಕೊಳ್ಳುತ್ತ, "ಆ ಪೋನ್ನಾಗೆ ಆಗಕಿಲ್ವಾ?" ಅಂದ.

"ಅದ್ರಲ್ಲಿ ಕ್ಲಿಯರಾಗಿ ಬರಲ್ಲಪ್ಪ. ಸುಮ್ನಿರು."

ಖಂಡಿತ ಬರುತ್ತಿತ್ತು. ಆದರೆ ಆ ಫೋನನ್ನು ನಾನು ಲ್ಯಾಪ್‌ಟಾಪಿನ ಚಾಕರಿಗೆ ಹಚ್ಚಿದ್ದೆ. "ಫ್ಯಾನಾದ್ರೂ ಆಕ್ಲಾ" ಅಂದ. "ಸೌಂಡ್ ಬರುತ್ತೆ" ಅಂದೆ. ಏನೂ ರೆಕಾರ್ಡ್ ಆಗದ ಕೋಣೆಯಲ್ಲಿ ಎಂಬತ್ತು ದಾಟಿದ ಮುದುಕನನ್ನು ಬೆವರಿನಲ್ಲಿ ಕೂರಿಸಿದ್ದೆ. ಆಮೇಲೆ ನಾನೇ ಅವನಿಗೆ, "ಏನಾದ್ರೂ ಮಾತಾಡ್ತಾ ಇರಪ್ಪ, ಈ ಗೆರೆ ಏಳುತ್ತೇನೋ ನೋಡ್ತೀನಿ" ಅಂದೆ.

"ಏನ್ ಮಾತಾಡ್ಲಿ?"

"ಏನಾದ್ರೂ. ಬಾಯಿಗೆ ಬಂದದ್ದು."

ಅವನು ಟವಲನ್ನು ಕಂಕುಳಿಗೆ ಸೇರಿಸಿಕೊಂಡ. "ನಿಮ್ಮವ್ವ ಓದ ದಿನುದ್ದು ಏಳ್ಲಾ?" ಅಂದ.

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. "ಹ್ಞೂಂ ಹ್ಞೂಂ, ಹೇಳು" ಅಂದೆ, ಕಣ್ಣು ಗೆರೆಯ ಮೇಲಿಟ್ಟು.

ಅವನು ಹೇಳಿದ. ಅರ್ಧ ಗಂಟೆಯಿರಬಹುದು, ಮುಕ್ಕಾಲು ಗಂಟೆಯೇ ಇರಬಹುದು. ಎಂಟು ವರ್ಷದ ಹುಡುಗ ತೊಡೆಗೆ ಗುದ್ದಿ ಕೇಳಿದ್ದಕ್ಕೆ ಅವನು ಅಷ್ಟು ವರ್ಷದ ಮೇಲೆ ಉತ್ತರ ಕೊಡುತ್ತಿದ್ದ. ನಾನು ಹ್ಞೂಂಗುಟ್ಟುತ್ತ ಒಂದೊಂದೇ ಸೆಟ್ಟಿಂಗ್ ಬದಲಾಯಿಸುತ್ತಿದ್ದೆ. ನಡುವೆ ಎರಡೇ ಮಾತು ನನಗೆ ನೆನಪುಳಿದಿವೆ. ಒಂದು, "ಬಸ್ಸು ಓಗ್ಬುಟ್ಟಿತ್ತು." ಇನ್ನೊಂದು, "ಜಾಗ ಇತ್ತು ಕಣಪ್ಪ." ಯಾವ ಜಾಗವೋ, ಸೈಟಿನದ್ದೋ ಸ್ಮಶಾನದ್ದೋ ಅಂದುಕೊಂಡೆ. ಅದನ್ನು ಹೇಳುವಾಗ ಅವನ ದನಿ ಒಡೆಯಿತೇನೋ. ನಾನು ತಲೆ ಎತ್ತಿ ನೋಡಲಿಲ್ಲ.

ಕಡೆಗೆ ಸಿಕ್ಕಿತು. ಮೊದಲನೇ ಸಿಸ್ಟಮ್ಮನ್ನು ಆರಿಸಿದರೂ ಅದು ಪೂರ್ತಿ ಆರಿರುವುದಿಲ್ಲವಂತೆ. ಮುಂದಿನ ಸಲ ಬೇಗ ಏಳಬೇಕೆಂದು ಅರೆನಿದ್ದೆಯಲ್ಲಿ ಮಲಗಿ, ಮೈಕನ್ನು ಬಿಗಿಹಿಡಿದುಕೊಂಡೇ ಇರುತ್ತದೆ. ಎರಡನೆಯದು ಎದ್ದು ಹುಡುಕಿದರೆ ಎಲ್ಲಿ ಸಿಗಬೇಕು? ಮೊದಲನೆಯದನ್ನು ತೆರೆದು, ಬೇಗ ಏಳುವ ಆ ಸೌಲಭ್ಯದ ಗುರುತು ತೆಗೆದು, ಸಂಪೂರ್ಣ ಆರಿಸಿ, ಆಮೇಲೆ ಎರಡನೆಯದಕ್ಕೆ ಬರಬೇಕು. ಹಾಗೇ ಮಾಡಿದೆ. "ಹಲೋ" ಅಂದೆ, ಗೆರೆ ಚಿಮ್ಮಿತು. ಗೆದ್ದವನ ಹಾಗೆ ಕುರ್ಚಿಯಿಂದ ಎದ್ದೇ ಬಿಟ್ಟೆ.

"ಅಪ್ಪ, ಈಗ ಹೇಳು. ಆಗ ಏನೋ ಅವ್ವಂದು ಹೇಳ್ತಿದ್ಯಲ್ಲ, ಮೊದಲಿಂದ ಹೇಳು."

"ಏಳ್ದೆನಲ್ಲಪ್ಪ."

"ಅದು ಇದ್ರಲ್ಲಿ ಆಗಿಲ್ಲ."

"ನಾನು ನಿಂಗೆ ಏಳ್ದೆ, ಅದ್ಕಲ್ಲ. ಎಲ್ಡನೇ ಸತಿ ಏಳಕಿಲ್ಲ ಕಣಪ್ಪ ಅದ್ನ. ನೀ ಕೇಳುಸ್ಕಂಡ್ಯಲ್ಲ?"

ನನ್ನ ಮುಖವನ್ನೇ ನೋಡುತ್ತಿದ್ದ. ಅಷ್ಟು ಹಗುರವಾಗಿದ್ದ ಅವನ ಮುಖವನ್ನು ನಾನು ಎಂದೂ ನೋಡಿರಲಿಲ್ಲ. "ಕೇಳಿಸ್ಕೊಂಡೆ" ಅಂದೆ.

"ಸಾಕು ಬುಡು" ಅಂದ. ಆಮೇಲೆ ಹದಿನೆಂಟು ಪ್ರಶ್ನೆಗೂ ಗಟ್ಟಿಯಾಗಿ, ಶಾಲೆಯ ಹುಡುಗನ ಹಾಗೆ ಉತ್ತರ ಹೇಳಿದ. ನಲವತ್ತು ನಿಮಿಷ, ಬಹಳ ಕ್ಲಿಯರಾಗಿ ಬಂದಿದೆ.

ಅವತ್ತೇ ಸಂಜೆ ಅಕ್ಕನಿಗೆ ಫೋನ್ ಮಾಡಿ, "ಅಪ್ಪ ಅವ್ವ ಹೋದ ದಿನದ್ದು ಹೇಳಿದ ಕಣಕ್ಕ. ರೆಕಾರ್ಡ್ ಮಾಡ್ಕಂಡಿದೀನಿ" ಅಂತ ಜಂಭ ಕೊಚ್ಚಿದೆ. ಯಾಕೆ ಹಾಗಂದೆನೋ. ನಾಲ್ಕು ದಿನ ಬಿಟ್ಟು ಪುಸಲಾಯಿಸಿದರೆ ಅಪ್ಪ ಮತ್ತೆ ಹೇಳುತ್ತಾನೆ ಅನ್ನುವ ಧೈರ್ಯವಿರಬೇಕು. "ಏನಂದ?" ಅಂದಳು ಅಕ್ಕ. "ಬಂದಾಗ ಕೇಳಿಸ್ತೀನಿ" ಅಂದೆ. ಅಪ್ಪನನ್ನು ಇನ್ನೆರಡು ಸಲ ಕೇಳಿದೆ. ಎರಡೂ ಸಲ ತಲೆ ಬಗ್ಗಿಸಿ ಕೂತ. ನಾಲ್ಕು ತಿಂಗಳಿಗೆ ತೀರಿಕೊಂಡ. ಸುದ್ದಿ ಒಯ್ಯಲು ಯಾರೂ ನಡೆಯಬೇಕಾಗಲಿಲ್ಲ, ವಾಟ್ಸ್ಯಾಪಿನಲ್ಲಿ ಹೋಯಿತು. ಅಕ್ಕ ಬಂದಳು, ಹೆಂಗಸರ ನಡುವೆ ನಿಂತಳು, ಮಣ್ಣು ಹಾಕುವ ಮೊದಲೇ ಹೊರಟುಹೋದಳು. ಹೋಗುವಾಗ ನನ್ನ ಕಡೆ ಒಮ್ಮೆ ನೋಡಿದಳು. ನಾನು ಮುಖ ತಿರುಗಿಸಿದೆ. ಆಮೇಲೆ ನಿಡಘಟ್ಟದ ಮೇಲೆ ಹಾದುಹೋಗುವ ಬಸ್ಸಿನಲ್ಲಿ ಎಷ್ಟು ಸಲ ಕೂತಿದ್ದೇನೋ, ಅಲ್ಲಿ ಇಳಿಯಲಿಲ್ಲ.

ಸೋಮವಾರ ಮೇಡಂ ತಂದಿಟ್ಟ ಆ ಗೆರೆ ನನ್ನನ್ನು ಕೂರಲು ಬಿಡಲಿಲ್ಲ. ಬುಧವಾರ ರಜೆ ಹಾಕಿ ಮಳವಳ್ಳಿ ಬಸ್ಸು ಹತ್ತಿದೆ. ಪಟೇಲರ ತಂಗಿಯ ಊರು, ಮನೆ, ದಾರಿ ಎಲ್ಲ ಆ ನಲವತ್ತು ನಿಮಿಷದಲ್ಲೇ ಇತ್ತು. ಅಪ್ಪ ಹೇಳಿದ ಗುರುತಿನ ಮೇಲೆ ಹೋಗಿ ನಿಂತೆ. ಆಕೆ ಇನ್ನೂ ಇದ್ದರು, ಕಿವಿ ಚುರುಕಾಗೇ ಇತ್ತು. ನಾನು ಯಾರ ಮಗ ಅಂತ ಹೇಳಿದೆ, ಕೆಲಸ ಹೇಳಿದೆ. ಒಳಗೆ ಕರೆದು ಕುರ್ಚಿ ಹಾಕಿಸಿದರು, ಕಾಫಿ ಕೊಡಿಸಿದರು.

"ಅವ್ನೇ ಬಂದಿದ್ದ ಮೇಷ್ಟ್ರೇ, ನೆಪ್ಪೈತೆ. ಅಲ್ಲೇ, ಆ ಕಲ್ತಾವ ನಿಂತ್ಕಂಡು ಏಳ್ದ. ನಾವು ಆಗಿಂದಾಗ್ಲೇ ವ್ಯಾನು ಮಾಡ್ಕಂಡು ಒಂಟೋ."

"ಅಪ್ಪನ್ನ ವ್ಯಾನಲ್ಲಿ ಕರ್ಕೊಂಡು ಹೋಗ್ಲಿಲ್ವಾ ಅಮ್ಮ? ಅದೇ ಊರಿಗಲ್ವಾ ಹೋಗಿದ್ದು?"

"ಜಾಗ ಇರ್ನಿಲ್ಲ ಕಣೀ. ಇದ್ದಿದ್ರೆ ಬುಟ್ಟೋಯ್ತಿದ್ವಾ?"

ನಾನು ಕಾಫಿ ಲೋಟ ಕೆಳಗಿಟ್ಟೆ. ಹೂವಿನ ಹಾರಕ್ಕೆ ಒಂದು ಸೀಟು ಕೊಟ್ಟಿದ್ದನ್ನು ನನ್ನ ಕಣ್ಣೇ ನೋಡಿತ್ತು. ಅಪ್ಪ ಅವತ್ತು ಯಾವ ಜಾಗದ ಮಾತಾಡಿದ್ದ ಅನ್ನುವುದು ಆಗ ಹೊಳೆಯಿತು. ಆ ಮುದುಕಿಯ ಎದುರು ಕೂಗಾಡಲು ಬಾಯಿ ಬರಲಿಲ್ಲ. "ಅವತ್ತು ನಮ್ಮವ್ವ ಸಾಯ್ತಾ ಇದ್ಲು" ಅಂದೆ, ಅಷ್ಟೇ.

"ಅಯ್ಯೋ, ಏಳ್ನೇ ಇಲ್ವಲ್ಲ ಅವ್ನು! ಒಂದ್ಮಾತು ಏಳಿದ್ರೆ..." ಅಂದರು. ಹೇಳಿದ್ದರೆ ಏನು ಮಾಡುತ್ತಿದ್ದರು ಅನ್ನುವುದನ್ನು ಅವರು ಮುಗಿಸಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿಂದ ಮಳವಳ್ಳಿ ರಸ್ತೆಯವರೆಗೆ ಅಪ್ಪ ನಡೆದ ದಾರಿಯಲ್ಲೇ ನಡೆದು ಬಂದೆ. ಚಿಕ್ಕ ದಾರಿಯೇನಲ್ಲ. ಅಷ್ಟು ನಡೆದು ಬಂದು, ಕೊನೆಯ ಬಸ್ಸು ಹೋಗಿದ್ದನ್ನು ನೋಡಿ, ಅಲ್ಲಿಂದ ನಮ್ಮೂರಿನವರೆಗೆ ರಾತ್ರಿಯೆಲ್ಲ ಕಾಲೆಳೆದಿದ್ದಾನೆ. ಅಂತೂ ಅಕ್ಕನಿಗೆ ಹೇಳಲು ಏನೋ ಒಂದು ಸಿಕ್ಕಿತು ಅಂದುಕೊಂಡೆ.

ನಿನ್ನೆ ಭಾನುವಾರ ಲ್ಯಾಪ್‌ಟಾಪನ್ನೂ ಹೆಗಲಿಗೆ ಹಾಕಿಕೊಂಡು ನಿಡಘಟ್ಟಕ್ಕೆ ಹೋದೆ. ಹದಿನೆಂಟು ಉತ್ತರವನ್ನಾದರೂ ಅವಳಿಗೆ ಕೇಳಿಸೋಣ, ದನಿ ಅಪ್ಪನದೇ ತಾನೆ ಅಂತ. ಅಕ್ಕ ಜಗುಲಿಯಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ನಾನು ವ್ಯಾನಿನ ವಿಷಯ, ಜಾಗದ ವಿಷಯ, ಅಪ್ಪ ರಾತ್ರಿಯೆಲ್ಲ ನಡೆದ ವಿಷಯ ಎಲ್ಲ ಹೇಳಿದೆ. ಅವಳ ಬೆರಳು ನಿಲ್ಲಲಿಲ್ಲ.

"ಬಸ್ಸು ಯಾಕ್ ತಪ್ತು ಅಂತ ಏಳ್ದುನಾ?" ಅಂದಳು.

"ಅಷ್ಟು ದೂರ ನಡ್ಕೊಂಡು ಬರೋ ಹೊತ್ತಿಗೆ..."

"ಅದು ನಿನ್ ಮಾತು. ಅಪ್ಪ ಏನಂದ?"

ಅಕ್ಕ ಕೈ ಒರೆಸಿಕೊಂಡಳು. ಅವಳ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಅವತ್ತು ಅಪ್ಪ ಓಗಕಿಲ್ಲ ಅಂದ ಕಣ್ಲಾ. ಅವ್ವುನ್ ಬುಟ್ಟು ಎಂಗೋಗ್ಲಿ ಅಂದ. ನಾನೇ, ಜರ ಬುಟ್ಟೈತೆ, ಓಗಪ್ಪ, ನಾನ್ ನೋಡ್ಕತೀನಿ ಅಂದೆ. ಜರ ಬುಟ್ಟಿರ್ನಿಲ್ಲ. ಮಳವಳ್ಳಿಗೋದ್ರೆ ಗಾಜಿನ್ ಬಳೆ ತತ್ತೀನಿ ಅಂತ ಮೊದ್ಲೇ ಏಳಿದ್ದ. ಆ ಆಸೆಗೆ ಕಳುಸ್ದೆ. ಮಾರ್ನೆ ದಿನ ಬಂದ್ನಲ್ಲ, ತಂದಿದ್ದ ಕಣ್ಲಾ, ಟವಲ್ನಾಗೆ ಸುತ್ಕಂಡು. ನೀನು ಅವ್ನ್ ಗುದ್ತಿದ್ದೆ, ನಾನು ಆ ಟವಲ್ ನೋಡ್ತಿದ್ದೆ. ಬಳೆ ತಗಳಾಕ್ ನಿಂತು ಬಸ್ಸು ತಪ್ಪುಸ್ಕಂಡ್ನಾ, ಇಲ್ಲ ನೀನಂದಂಗೆ ನಡ್ದು ಬರೋದ್ರಾಗೆ ತಪ್ತಾ? ಅದೊಂದ ಕೇಳ್ಬೇಕಿತ್ತು. ಬಾಯ್ ಬಂದ್ರೆ ಅದೇ ಬತ್ತದೆ ಅಂತ ಮಾತೇ ಆಡ್ನಿಲ್ಲ. ನೀನು ರೆಕಾಡ್ ಮಾಡಿವ್ನಿ ಅಂದಾಗ್ಲಿಂದ ಕಾಯ್ತಾ ಇವ್ನಿ."

ನಲವತ್ತು ವರ್ಷ ಅವಳದು ಸಿಟ್ಟು ಅಂದುಕೊಂಡಿದ್ದೆ. ಅಪ್ಪನೂ ಹಾಗೇ ಅಂದುಕೊಂಡು ಸತ್ತನೋ ಏನೋ. ನನಗೆ ತಡೆಯಲಾಗಲಿಲ್ಲ. "ಹೇಳಿದ ಕಣಕ್ಕ. ಬಳೆ ಬೆಳಿಗ್ಗೆ ಹೋಗ್ತಾನೇ ತಗೊಂಡಿದ್ನಂತೆ. ಅದ್ಕೂ ಬಸ್ಸಿಗೂ ಸಂಬಂಧ ಇಲ್ಲ" ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ನಂಬಿಕೆಯಾಯಿತು.

ಅಕ್ಕ ನನ್ನ ಹೆಗಲ ಬ್ಯಾಗಿನ ಕಡೆ ನೋಡಿದಳು. "ಕೇಳ್ಸು ಮತ್ತೆ" ಅಂದಳು.

ಬ್ಯಾಗಿನ ಜಿಪ್ಪನ್ನು ಅರ್ಧ ಎಳೆದೆ, ಮತ್ತೆ ಮುಚ್ಚಿದೆ. "ಅದು ರೆಕಾರ್ಡ್ ಆಗ್ಲಿಲ್ಲ ಕಣಕ್ಕ. ಮೈಕ್ ಸಿಗ್ಲಿಲ್ಲ" ಅಂದೆ.

"ಓಗ್ಲಿ, ನೀನು ಕೇಳುಸ್ಕಂಡ್ಯಲ್ಲ. ಅವ್ನ್ ಎಂಗಂದ್ನೋ ಅಂಗೇ ಏಳು, ಸಾಕು."

"ನಾನೂ ಕೇಳಿಸ್ಕೊಳ್ಳಲಿಲ್ಲ ಕಣಕ್ಕ. ಪಕ್ಕದಲ್ಲೇ ಕೂತು ಹೇಳ್ದ. ನಾನು ಮಿಷನ್ ನೋಡ್ತಿದ್ದೆ."

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ, ಅಳಲೂ ಇಲ್ಲ. ಹಿದುಕಿದ ಬೇಳೆಯನ್ನು ಒಂದು ಕಡೆಗೆ, ಸಿಪ್ಪೆಯನ್ನು ಒಂದು ಕಡೆಗೆ ಸರಿಸಿ, ಮೊರ ಎತ್ತಿಕೊಂಡು ನಿಂತಳು.

"ನಾನು ಕಳುಸ್ದೆ, ನೀನು ಕೇಳ್ನಿಲ್ಲ" ಅಂದಳು. "ಬಾ, ಉಣ್ಣುವಂತೆ."